ಬಾನೆಟ್ಟಿನ ಮೇಲಿನ ಬೊಟ್ಟು

ಗುರುವಾರ ಬೆಳಗ್ಗೆ ಶುಕ್ರವಾರದ ಪೂಜೆಗೆ ಅಂತ ದೇವರ ಸಾಮಾನನ್ನೆಲ್ಲ ಹಿತ್ತಲ ಕಲ್ಲಿನ ಮೇಲೆ ಹರಡಿಕೊಂಡು, ನೆನೆಸಿದ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾ ಕೂತಿದ್ದೆ. ಜೋಡಿ ದೀಪದಲ್ಲಿ ಒಂದನ್ನು ಬೆಳಗಿ ಆಗಿತ್ತು, ಇನ್ನೊಂದು ಕೈಯಲ್ಲಿತ್ತು. ಆಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನು ಗುಂಯ್ ಅಂತ ಅದುರಿತು. ಅದು ನಮ್ಮನೆಯವರ ಫೋನು. ಅವರು ಬಾಡಿಗೆ ಕಾರು ಓಡಿಸುತ್ತಾರೆ. ರಾತ್ರಿಯೆಲ್ಲ ಏರ್‌ಪೋರ್ಟಿಗೆ ಹೋಗಿ ಬಂದು ಮಾಡಿ, ಬೆಳಕು ಹರಿಯೋ ಹೊತ್ತಿಗೆ ಶ್ರೀನಿವಾಸಪುರಕ್ಕೆ ಬಂದು ಮಲಗುತ್ತಾರೆ. ಅವರು ಮಲಗಿದ ಮೇಲೆ ಫೋನು ನನ್ನ ವಶ. ಯಾರಾದರೂ ಫೋನ್ ಮಾಡಿದರೆ "ಸ್ನಾನಕ್ಕೆ ಹೋಗಿದಾರೆ" ಅಂತೀನಿ. ಅಷ್ಟು ಸುಳ್ಳನ್ನು ದೇವರು ಕ್ಷಮಿಸುತ್ತಾನೆ ಅಂತ ನನ್ನ ನಂಬಿಕೆ.

ಕೈ ಸೆರಗಿಗೆ ಒರೆಸಿಕೊಂಡು ಎತ್ತಿದೆ. ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿ ಗಾಡಿಗಳ ಉಸ್ತುವಾರಿ ನೋಡಿಕೊಳ್ಳುವವರು.

"ಡ್ರೈವರ್ ಮನೆಯವರಾ? ನಾಳೆ ಹತ್ತು ಗಂಟೆಗೆ ಗಾಡಿ ತಂದು ತೋರಿಸ್ಬೇಕಂತ ಹೇಳಿ. ಪೇಪರ್ಸ್ ಎಲ್ಲಾ ಇರ್ಲಿ. ಆಮೇಲೆ ಬಾಡಿ ನೀಟಾಗಿರ್ಬೇಕಮ್ಮಾ. ಸ್ಟಿಕ್ಕರ್ರು, ಬರಹ, ಕಲೆ, ಏನೂ ಇರಬಾರ್ದು. ಹೋದ ಸಲ ಬಂದ ಗಾಡಿಗಳನ್ನ ಬಣ್ಣ ನೋಡೇ ವಾಪಸ್ ಕಳಿಸಿದ್ವಿ."

"ಆಯ್ತು ಸಾರ್, ಹೇಳ್ತೀನಿ," ಅಂದೆ. ಅಷ್ಟರಲ್ಲಿ ಅವರು ಇಟ್ಟೇಬಿಟ್ಟಿದ್ದರು.

ದೀಪವನ್ನು ಹುಣಸೆಹಣ್ಣಿನ ಬಟ್ಟಲಲ್ಲೇ ಬಿಟ್ಟು ಎದ್ದೆ. ಆ ಫೋನಿಗೆ ನಾನು ಎಷ್ಟು ಕಾದಿದ್ದೆ ಅನ್ನೋದು ನನಗೂ ನಮ್ಮಮ್ಮನವರಿಗೂ ಮಾತ್ರ ಗೊತ್ತು. ನಮ್ಮಮ್ಮನವರು ಅಂದರೆ ದೇವರ ಮನೆಯ ಗೂಡಿನಲ್ಲಿರೋ ತಾಯಿ. ಆ ಫ್ಯಾಕ್ಟರಿಗೆ ಗಾಡಿ ಬೇಕಂತೆ ಅಂತ ನಮ್ಮನೆಯವರು ಹೆಸರು ಕೊಟ್ಟು ಬಂದಿದ್ದರು. ಕೋಲಾರದಲ್ಲಿ ಇಳಿದುಕೊಂಡಿರುವ ಅಲ್ಲಿನ ಆಫೀಸರುಗಳನ್ನು ಬೆಳಗ್ಗೆ ಮಾಲೂರಿಗೆ ಬಿಡೋದು, ಸಂಜೆ ವಾಪಸ್ ತರೋದು, ಅಷ್ಟೇ ಆ ಕೆಲಸ. ಹಗಲಿನ ಓಟ. ರಾತ್ರಿ ಮನೆಯಲ್ಲಿ ನಿದ್ದೆ.

ಆ ನಿದ್ದೆಯ ಆಸೆ ನನಗೆ ಯಾಕೆ ಹತ್ತಿತು ಅಂತ ಹೇಳಬೇಕಾದರೆ ಕಾರು ತೊಳೆಯೋ ವಿಷಯ ಹೇಳಬೇಕು.

ನಮ್ಮ ಕಾರು ತೊಳೆಯೋದು ನಾನೇ. ವಾಟರ್ ಸರ್ವಿಸ್ ಅಂಗಡಿಯವರು ಜೋರಾಗಿ ನೀರು ಬಿಟ್ಟು, ನಾಲ್ಕು ಗಾಡಿ ಒರೆಸಿದ ಬಟ್ಟೆಯಲ್ಲೇ ಐದನೆಯದನ್ನೂ ಒರೆಸುತ್ತಾರೆ. ಹಿಂದಿನ ಗಾಡಿಯ ಮರಳು ನಮ್ಮ ಗಾಡಿಯ ಬಣ್ಣ ಗೀರುತ್ತೆ. ಅದನ್ನು ಒಂದು ಸಲ ಬಿಸಿಲಿನಲ್ಲಿ ನಿಂತು ನೋಡಿದ ಮೇಲೆ, "ಬೇಡ ಬಿಡ್ರೀ, ನಾನೇ ತೊಳೀತೀನಿ" ಅಂದುಬಿಟ್ಟೆ. ಅದಕ್ಕೂ ಒಂದು ಕ್ರಮ ಇದೆ, ಅಕ್ಕಿ ತೊಳೆಯೋದಕ್ಕೆ ಇರೋ ಹಾಗೆ. ಮೊದಲು ಬಟ್ಟೆ ಮುಟ್ಟಿಸಬಾರದು, ಬರೀ ನೀರು ಸುರಿದು ಧೂಳು ಇಳಿಸಬೇಕು. ಆಮೇಲೆ ಮೇಲಿನಿಂದ ಕೆಳಕ್ಕೆ. ಸೋಪಿನ ನೀರಿಗೆ ಒಂದು ಬಕೆಟ್ಟು, ಬಟ್ಟೆ ಜಾಲಿಸೋದಕ್ಕೆ ಬೇರೆ ಬಕೆಟ್ಟು. ಪಾತ್ರೆ ಸೋಪು ಹಾಕಿದರೆ ಹೊಳಪು ಹೋಗುತ್ತೆ, ಗಾಡಿ ಶಾಂಪೂನೇ ಬೇಕು. ನಮ್ಮ ಬೋರಿನ ನೀರು ಗಡಸು. ಮೈಮೇಲೆ ಒಣಗಿತು ಅಂದರೆ ಸುಣ್ಣದ ಚುಕ್ಕಿ ಬಿಡುತ್ತೆ. ಅದಕ್ಕೇ ಬಿಸಿಲು ಬರೋ ಮೊದಲೇ ತೊಳೆದು, ನೀರು ಆರುವ ಮುಂಚೆ ಹಳೇ ಪಂಚೆಯಲ್ಲಿ ಒತ್ತಿ ತೆಗೆಯಬೇಕು. ಪಂಚೆಯ ಜರಿ ಅಂಚು ಹರಿದು ಬಿಸಾಕಿರಬೇಕು, ಇಲ್ಲದಿದ್ದರೆ ಆ ಜರಿಯೇ ಗೀರು.

ಹೀಗೆ ದಿನಾ ಮೈದಡವಿದ ಹಾಗೆ ತೊಳೆಯೋಳಿಗೆ ಗಂಡ ಹೇಳದ ಮಾತನ್ನೂ ಕಾರು ಹೇಳುತ್ತೆ. ಮುಂದುಗಡೆ ಹುಳ ಜಾಸ್ತಿ ಅಂಟಿದ್ದರೆ ರಾತ್ರಿ ಹೈವೇಯಲ್ಲಿ ಜೋರಾಗಿ ಓಡಿಸಿದ್ದಾರೆ. ಚಕ್ರದ ಹತ್ತಿರ ಕೆಮ್ಮಣ್ಣು ಮೆತ್ತಿದ್ದರೆ ತಾಯಲೂರಿನ ಕಡೆ ಯಾರನ್ನೋ ಇಳಿಸಿ ಬಂದಿದ್ದಾರೆ. ಚಳಿಗಾಲದ ಒಂದು ಬೆಳಗ್ಗೆ ಎಡಗಡೆ ಬಾಗಿಲ ಮೇಲೆ ಜಾಲಿ ಮುಳ್ಳಿನ ಉದ್ದನೆ ಗೀರುಗಳು ಇದ್ದವು. ಚಕ್ರದ ಸಂದಿನಲ್ಲಿ ರಾಗಿಯ ಕೂಳೆ, ಬೇರಿನ ಮಣ್ಣಿನ ಸಮೇತ. ಹೊಲಕ್ಕೆ ಕಾರು ಯಾಕೆ ಹೋಯಿತು?

ಎದ್ದ ಮೇಲೆ ಕೇಳಿದೆ. "ಯಾವುದೋ ಲಾರಿಗೆ ಸೈಡ್ ಕೊಟ್ಟೆ ಕಣೇ," ಅಂದರು. ನಾನು ಆ ಕೂಳೆಯನ್ನು ಅವರ ಕಾಫಿ ಲೋಟದ ಪಕ್ಕ ಇಟ್ಟೆ. ಅದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು, ಕಾಫಿ ಆರಿತು. ಆಮೇಲೆ ಹೇಳಿದರು. ಮುಳಬಾಗಿಲಿನಲ್ಲಿ ಒಂದು ಸಂಸಾರವನ್ನು ಇಳಿಸಿ ವಾಪಸ್ ಬರುವಾಗ ಕಣ್ಣು ಮುಚ್ಚಿಹೋಗಿತ್ತಂತೆ. ಎದುರಿಗೆ ಬರುತ್ತಿದ್ದ ಹಾಲಿನ ವ್ಯಾನಿನವನು ಹಾರ್ನ್ ಒತ್ತಿ ಹಿಡಿದಿದ್ದಕ್ಕೆ ಎಚ್ಚರ ಆಗಿ, ಸ್ಟೇರಿಂಗ್ ಎಳೆದು, ಹೊಲಕ್ಕೆ ಇಳಿದರಂತೆ. ಪುಣ್ಯಕ್ಕೆ ಅಲ್ಲಿ ಹೊಲ ಇತ್ತು. ಕೆರೆ ಏರಿ ಆಗಿದ್ದರೆ?

ಅತ್ತೆಯ ಕಿವಿಗೆ ಈ ಮಾತು ಬಿದ್ದ ದಿನದಿಂದ ಬೊಟ್ಟು ಶುರುವಾಯಿತು. ನಮ್ಮತ್ತೆ ರಾಯಲ್ಪಾಡಿನ ಕಡೆಯವರು, ಸಂತೋಷದಲ್ಲಿ ಕನ್ನಡ, ಕೋಪ ಬಂದರೆ ತೆಲುಗು. ಪ್ರತಿ ಅಮಾವಾಸ್ಯೆಗೆ ದೃಷ್ಟಿ ತೆಗೆದು, ಹರಳೆಣ್ಣೆಯಲ್ಲಿ ಕುಂಕುಮ ಕಲೆಸಿ, ಬಾನೆಟ್ಟಿನ ಮಧ್ಯಕ್ಕೆ ದಪ್ಪಗೆ ಒಂದು ಬೊಟ್ಟು ಇಡೋರು. "ಒಣ ಕುಂಕುಮ ಗಾಳಿಗೆ ಹೋಗ್ತದೆ. ಎಣ್ಣೆಯಾದ್ರೆ ಹಿಡ್ಕೊಂಡಿರ್ತದೆ," ಅನ್ನೋರು. ಹಿಡಿದುಕೊಂಡೇ ಇತ್ತು. ಬೊಟ್ಟಿನ ಸುತ್ತ ಸೋಪಿನ ಬಟ್ಟೆ ಆಡಿಸುತ್ತಿದ್ದೆನೇ ಹೊರತು ಅದನ್ನು ಮುಟ್ಟೋ ಧೈರ್ಯ ನನಗೂ ಇರಲಿಲ್ಲ. ಬಿಸಿಲಿಗೆ ಕಾದು ಕಾದು, ಹಳೆಯದರ ಮೇಲೆ ಹೊಸದು ಬಿದ್ದು, ಬಿಳಿ ಕಾರಿನ ಹಣೆಯ ಮೇಲೆ ವೀಳ್ಯದೆಲೆಯಷ್ಟು ಅಗಲ ಗುಲಾಬಿ ಬಣ್ಣ ಇಳಿದುಬಿಟ್ಟಿತ್ತು. ದೂರದಿಂದ ನೋಡಿದರೆ ಯಾರೋ ತಾಂಬೂಲ ಉಗಿದ ಹಾಗೆ. ಈ ಮಾತನ್ನು ಅತ್ತೆಯ ಮುಂದೆ ನಾನು ಯಾವತ್ತೂ ಆಡಿಲ್ಲ.

ಆ ಗುರುವಾರ ಫೋನು ಇಟ್ಟವಳು ಬೀದಿಗೆ ಬಂದು ಕಾರಿನ ಮುಂದೆ ನಿಂತೆ. ಗುಲಾಬಿ ಕಲೆ ಒಂದೇ ಅಲ್ಲ. ಮಾವಿನ ಕಾಲ ಬೇರೆ. ನಮ್ಮ ಬೀದಿಯಲ್ಲಿ ನೆರಳು ಅಂದರೆ ಒಂದೇ ಮಾವಿನ ಮರ, ಕಾರು ನಿಲ್ಲೋದು ಅದರ ಕೆಳಗೆ. ಆ ವಾರ ಕಾಯಿ ಕಿತ್ತಿದ್ದರು. ತೊಟ್ಟು ಮುರಿದ ಕಡೆಯಿಂದ ಸೊನೆ ತೊಟ್ಟಿಕ್ಕಿ, ಟಾಪಿನ ಮೇಲೆಲ್ಲ ಕಂದು ಹನಿಗಳು ಒಣಗಿ ಕೂತಿದ್ದವು. ಮಾವಿನ ಸೊನೆ ನಮ್ಮ ಕೈ ಚರ್ಮವನ್ನೇ ಸುಡುತ್ತೆ, ಬಣ್ಣವನ್ನು ಬಿಡುತ್ತಾ?

ನಮ್ಮನೆಯವರನ್ನು ಎಬ್ಬಿಸಲಾ ಅಂತ ಬಾಗಿಲ ತನಕ ಹೋದೆ. ಬಾಯಿ ತೆರೆದು ಮಲಗಿದ್ದರು, ಒಂದು ಕಾಲಿನ ಸಾಕ್ಸು ಇನ್ನೂ ಬಿಚ್ಚಿರಲಿಲ್ಲ. ಆ ಸಾಕ್ಸು ನೋಡಿ ಮನಸ್ಸು ಬರಲಿಲ್ಲ. ನಾಳೆ ಮಾಲೂರಿನ ತನಕ ಓಡಿಸಬೇಕಾದವರು ಅವರು. ಇವತ್ತಿನ ಕೆಲಸ ನನ್ನದು ಅಂದುಕೊಂಡೆ.

ಅತ್ತೆ ಜಗಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದರು. ಮೆಲ್ಲಗೆ ವಿಷಯ ಹೇಳಿದೆ. ಫ್ಯಾಕ್ಟರಿ, ನಾಳೆ, ಕಲೆ ಇರಬಾರದಂತೆ. ಕೊನೆಯ ಮಾತಿಗೆ ಅವರ ಕೈ ನಿಂತಿತು.

"ಯಾವ ಕಲೆ?"

"ಅದೇ ಅತ್ತೆ... ಬಾನೆಟ್ ಮೇಲಿಂದು."

"ಅದು ಕಲೆನಾ? ಅಮ್ಮವಾರಿ ಬೊಟ್ಟು ಕಲೆನಾ ನಿಂಗೆ?" ಮೊರ ಪಕ್ಕಕ್ಕಿಟ್ಟರು. "ವದ್ದಂಟೆ ವದ್ದು. ಬೇಡ ಅಂದ್ರೆ ಬೇಡ. ಅದು ಇಟ್ಟ ಮೇಲೆ ಒಂದು ದಿನಾನಾದ್ರೂ ನನ್ನ ಮಗನ ಗಾಡಿ ದಾರಿ ಬಿಟ್ಟು ಇಳಿದಿದ್ಯಾ? ಹೇಳು. ಇಳಿದಿದ್ಯಾ?"

ಇಳಿದಿರಲಿಲ್ಲ. ನನಗೂ ನಂಬಿಕೆ ಇಲ್ಲದೆ ಇಲ್ಲ. ಬೊಟ್ಟು ಕಾದಿದೆ ಅಂತಲೇ ನಾನೂ ಅಂದುಕೊಂಡಿದ್ದೆ. ಆದರೆ ಪ್ರತಿ ರಾತ್ರಿ ಅವರು ಹೊರಟ ಮೇಲೆ ನಾನು ಎದ್ದೆದ್ದು ಬೀದಿ ನೋಡೋದು ಮಾತ್ರ ನಿಂತಿರಲಿಲ್ಲ.

"ಇದು ಹಗಲು ಕೆಲಸ ಅತ್ತೆ. ರಾತ್ರಿ ಮನೇಲೇ ಮಲಗ್ತಾರೆ."

ಅತ್ತೆ ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡರು. ಮೊರದ ಕಾಳನ್ನು ಬೆರಳಲ್ಲಿ ಆ ಕಡೆ ಈ ಕಡೆ ಸರಿಸಿದರು. ಆಮೇಲೆ, "ದಿನಾಲೂನಾ?" ಅಂದರು.

"ದಿನಾಲೂ."

ಅಷ್ಟೇ. ಅವರು ಎದ್ದು ಒಳಗೆ ಹೋದರು. ಒಪ್ಪಿಗೆಯೋ ಕೋಪವೋ ತಿಳಿಯಲಿಲ್ಲ.

ನಾನು ಸೊನೆಯ ಕಡೆಯಿಂದ ಶುರು ಮಾಡಿದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಹನಿಗಳ ಮೇಲೆ ಹೊದಿಸಿ, ನೆನೆಯೋಕೆ ಬಿಟ್ಟು, ಮೆತ್ತಗಾದ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಮುಟ್ಟಿಸಿ ಬಿಡಿಸಿದೆ. ಉಗುರು ಹಾಕಬೇಕು ಅಂತ ಬೆರಳು ತುರಿಸುತ್ತೆ, ಹಾಕಬಾರದು. ಅರ್ಧಕ್ಕರ್ಧ ಬಿಟ್ಟಿತು, ಕೆಲವು ನೆರಳಿನ ಹಾಗೆ ಉಳಿದವು. ಅಷ್ಟರಲ್ಲಿ ಮೂಲೆಯ ನಲ್ಲಿಯಲ್ಲಿ ನೀರು ಬಂತು ಅಂತ ಬೀದಿಯಲ್ಲಿ ಗಲಾಟೆ. ಪುರಸಭೆ ನೀರು, ಬೋರಿನದಲ್ಲ, ಚುಕ್ಕಿ ಬಿಡೋದಿಲ್ಲ. ಇವತ್ತೇ ಬಂತಲ್ಲ ತಾಯೀ ಅಂತ ಕೈಮುಗಿದು, ಬಿಂದಿಗೆಗಳನ್ನು ಎತ್ತಿಕೊಂಡು ಓಡಿದೆ. ಸಾಲಿನಲ್ಲಿ ನಿಂತು ಹಿಡಿದು ತರೋದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ವಾಪಸ್ ಬಂದಾಗ ಅತ್ತೆ ಬಾನೆಟ್ಟಿನ ಮುಂದೆ ಇದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಲ್ಲಿ ಅಮ್ಮನವರ ಸ್ತೋತ್ರ ಹೇಳುತ್ತಾ, ಎರಡೂ ಕೈಯಲ್ಲಿ ತಿಕ್ಕುತ್ತಿದ್ದರು. ಪಕ್ಕದಲ್ಲಿ ನಾನು ಹಿತ್ತಲಲ್ಲಿ ಬಿಟ್ಟು ಬಂದಿದ್ದ ಹುಣಸೆಹಣ್ಣಿನ ಬಟ್ಟಲು. ಇನ್ನೊಂದು ತಟ್ಟೆಯಲ್ಲಿ ಬೂದಿ. ಒಲೆಯ ಬೂದಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ದೇವರ ದೀಪಕ್ಕೆ ಅಂತಲೇ ಡಬ್ಬಿಯಲ್ಲಿ ತುಂಬಿಟ್ಟಿರೋದು. ಕೈಯಲ್ಲಿ ತೆಂಗಿನ ನಾರು.

"ನೋಡಮ್ಮಾಯಿ, ಹೋಯ್ತು!" ಅಂತ ತಿರುಗಿದರು. ಮುಖ ಬೆವೆತಿತ್ತು. "ತೆಗೀಲೇಬೇಕು ಅಂದ್ರೆ ಅದನ್ನ ಇಟ್ಟ ಕೈಯೇ ತೆಗೀಬೇಕು. ಸೋಪು ಗೀಪು ಹಾಕಬಾರ್ದು. ಅಮ್ಮನವರ ದೀಪ ಹೆಂಗೆ ಬೆಳಗ್ತೀವೋ ಹಂಗೇ ತೆಗೆದಿದೀನಿ."

ಹೌದು, ಗುಲಾಬಿ ಹೋಗಿತ್ತು. ನೀರು ಹಾಕಿ ನೋಡಿದೆ. ನೀರಿದ್ದಾಗ ಏನೂ ಕಾಣಲಿಲ್ಲ. ಅದು ಆರುತ್ತಿದ್ದ ಹಾಗೆ ಬಾನೆಟ್ಟಿನ ಮಧ್ಯ ಅಂಗೈಗಿಂತ ಅಗಲಕ್ಕೆ ಹೊಳಪೇ ಇಲ್ಲದ ಜಾಗ ಎದ್ದು ಬಂತು. ಸುತ್ತ ಬಣ್ಣ ಕನ್ನಡಿಯ ಹಾಗೆ, ಅದೊಂದು ಜಾಗ ಮಾತ್ರ ಸೀಮೆಸುಣ್ಣ ಬಳಿದ ಹಾಗೆ. ಹತ್ತಿರ ಬಗ್ಗಿದರೆ ಎಳೆ ಎಳೆಯಾಗಿ ಗೀರುಗಳು.

ಹಿತ್ತಾಳೆ ತಿಕ್ಕಿದಷ್ಟೂ ಹೊಳೆಯುತ್ತೆ. ಅದನ್ನು ತಿಕ್ಕಿ ತಿಕ್ಕಿ ಬದುಕಿದ ಕೈಗೆ, ತಿಕ್ಕಿದರೆ ಮಂಕಾಗೋ ವಸ್ತುವೂ ಇದೆ ಅಂತ ಹೇಗೆ ಗೊತ್ತಾಗಬೇಕು?

"ಇಷ್ಟು ಸಾಕು ಅತ್ತೆ, ಕೈ ತೊಳ್ಕೊಳ್ಳಿ," ಅಂದೆ. ಅಷ್ಟರಲ್ಲಿ ಎದುರುಮನೆ ಆಪಾ ಬಟ್ಟೆ ಒಣಹಾಕಲು ಬಂದವರು ನಮ್ಮ ಕಡೆ ನಡೆದು ಬಂದರು. ಆಪಾ ಬಟ್ಟೆ ಹೊಲಿಯುತ್ತಾರೆ, ಅವರ ಯಜಮಾನರು ಆಟೋ ಓಡಿಸುತ್ತಾರೆ. ಅವರು ನನ್ನನ್ನು ಅಕ್ಕ ಅಂತಾರೆ, ನಾನು ಅವರನ್ನು ಆಪಾ ಅಂತೀನಿ, ಅದೂ ಅಕ್ಕ ಅಂತಲೇ. ಯಾರು ದೊಡ್ಡವರು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.

"ಯಾ ಅಲ್ಲಾ!" ಅಂದುಬಿಟ್ಟರು ಆಪಾ. "ಅಮ್ಮಾ, ಏನು ಮಾಡಿಬಿಟ್ರಿ? ಪೂರಾ ಪಾಲಿಶ್ ಹೋಯ್ತಲ್ಲ!"

ನಾನು ಕಣ್ಣು ಮಾಡಿದೆ. ತಡವಾಗಿತ್ತು.

ಅತ್ತೆ ಬಗ್ಗಿ ನೋಡಿದರು. ಅವರ ಕಣ್ಣು ಅಷ್ಟು ಚುರುಕಿಲ್ಲ, ಅದಕ್ಕೇ ಅಂಗೈ ಇಟ್ಟು ಸವರಿದರು. ಒಳ್ಳೆ ಜಾಗ ಸವರಿದರು, ಮತ್ತೆ ಕೆಟ್ಟ ಜಾಗ ಸವರಿದರು. ಕೈಗೆ ಗೊತ್ತಾಯಿತು. ನಾರನ್ನು ತಟ್ಟೆಯಲ್ಲಿ ಇಟ್ಟು, ಹೋಗಿ ಜಗಲಿಯ ಮೇಲೆ ಕೂತುಬಿಟ್ಟರು.

"ನಾ ಚೇತುಲಾರಾ..." ಅಂದರು. ನನ್ನ ಕೈಯಾರೆ ಅಂತ. "ನನ್ನ ಮಗನ ಅನ್ನ ನನ್ನ ಕೈಯಾರೆ ಕೆಡಿಸಿದ್ನಲ್ಲೇ."

ಹೊಲಕ್ಕೆ ಕಾರು ಇಳಿದಿದ್ದನ್ನು ಕೇಳಿದ ದಿನವೂ ಅವರು ಅತ್ತಿರಲಿಲ್ಲ. ಎಣ್ಣೆ ಕುಂಕುಮ ತರಲು ಹೊರಟಿದ್ದರು, ಏನೋ ಮಾಡೋದಿತ್ತು. ಈಗ ಏನೂ ಮಾಡೋದಿಲ್ಲದೆ ಅತ್ತರು. ಆಪಾ ಪಕ್ಕದಲ್ಲಿ ಕೂತು ಅವರ ಬೂದಿ ಮೆತ್ತಿದ ಕೈಯನ್ನು ತನ್ನ ದುಪಟ್ಟಾದಲ್ಲಿ ಒರೆಸುತ್ತಾ, "ಅಳಬೇಡಿ ಅಮ್ಮಾ. ನಮ್ಮ ಆಟೋ ಹಿಂದೆ ಹಳೇ ಚಪ್ಪಲಿ ಕಟ್ಟಿದೀವಿ, ನೀವು ಬೊಟ್ಟು ಇಟ್ಟಿದೀರಿ. ಮಕ್ಕಳು ಮನೆಗೆ ಬರ್ಲಿ ಅಂತ ತಾನೆ? ತಪ್ಪೇನಿದೆ?" ಅಂದರು.

ಈ ಸದ್ದಿಗೆ ನಮ್ಮನೆಯವರು ಎದ್ದು ಬಂದರು. ಒಂದು ಕಾಲಲ್ಲಿ ಸಾಕ್ಸು. ಫೋನಿನ ವಿಷಯ, ಮಿಕ್ಕ ವಿಷಯ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಬಾನೆಟ್ ಮೇಲೆ ಕೈಯಾಡಿಸಿದರು. ನಿದ್ದೆಗೆಟ್ಟ ಮನುಷ್ಯ, ಕೂಗಾಡಿದರೂ ಯಾರೂ ತಪ್ಪು ಅನ್ನೋ ಹಾಗಿರಲಿಲ್ಲ.

"ಅಮ್ಮ," ಅಂದರು. "ನಾನು ಚಿಕ್ಕವನಿದ್ದಾಗ ನೀನು ಎಣ್ಣೆ ಸ್ನಾನ ಮಾಡಿಸ್ತಿದ್ಯಲ್ಲ, ಸೀಗೆಪುಡಿ ಹಾಕಿ ಬೆನ್ನು ತಿಕ್ಕಿ ತಿಕ್ಕಿ ಚರ್ಮ ಕೀಳ್ತಿದ್ದೆ. ಇದಕ್ಕೂ ಹಂಗೇ ಮಾಡಿದೀಯ ನೋಡು."

ಆಪಾ ಮೊದಲು ನಕ್ಕರು. ಅತ್ತೆ ಮೂಗು ಒರೆಸಿಕೊಂಡು, "ಅದಕ್ಕೇ ಇಷ್ಟು ಬೆಳ್ಳಗಿದೀಯ," ಅಂದರು. ನಮ್ಮನೆಯವರು ಬೆಳ್ಳಗೇನೂ ಇಲ್ಲ.

ದೇವರ ಸಣ್ಣ ಸಣ್ಣ ದಯೆಗಳನ್ನು ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಬಂದವಳು. ಆ ದಿನ ಅವರ ಬಾಯಿಗೆ ಆ ಮಾತು ಬಂದಿದ್ದಕ್ಕಿಂತ ದೊಡ್ಡ ದಯೆ ಬೇರೆ ಇರಲಿಲ್ಲ.

ಅವರು ಬಸ್ ಸ್ಟ್ಯಾಂಡಿನ ಹತ್ತಿರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ಗೀರು ತೆಗೆಯೋ ಬಿಳಿ ಪೇಸ್ಟು, ವ್ಯಾಕ್ಸಿನ ಡಬ್ಬಿ ತಂದರು. ಕೋಲಾರದಲ್ಲಿ ಮಿಷನ್ನಿನಲ್ಲಿ ಪಾಲಿಶ್ ಮಾಡೋರಿದ್ದಾರೆ, ಆದರೆ ಗಾಡಿ ಬಿಟ್ಟು ಬರಬೇಕು, ನಾಳೆಗೆ ಸಿಗೋದಿಲ್ಲ. ಕೈಯಲ್ಲೇ ಆಗಬೇಕಿತ್ತು. ಬೂದಿ ಜರಡಿ ಹಿಡಿದದ್ದೇ ನಮ್ಮನ್ನು ಉಳಿಸಿದ್ದು ಅಂತ ನಮ್ಮನೆಯವರು ಹೇಳಿದರು. ಗೀರೆಲ್ಲ ಮೇಲುಮೇಲೆ. ನಾರು ಮಾಡಿದ ಕೆಲವು ಮಾತ್ರ ಆಳ. ಆಪಾ ತನ್ನ ಹೊಲಿಗೆಯ ಗಂಟಿನಿಂದ ಮೆತ್ತನೆ ಫ್ಲಾನಲ್ ತುಂಡುಗಳನ್ನು ತಂದುಕೊಟ್ಟರು, ಯಾರದೋ ಕೂಸಿನ ಅಂಗಿಗೆ ಕತ್ತರಿಸಿ ಉಳಿದದ್ದು.

ಕಾರನ್ನು ಇನ್ನೊಂದು ಸಲ ನಲ್ಲಿ ನೀರಿನಲ್ಲಿ ತೊಳೆದು ಒರೆಸಿ, ಮರದಿಂದ ಸರಿಸಿ ಮನೆಯ ಗೋಡೆಯ ನೆರಳಿಗೆ ಹಾಕಿದೆವು. ಪೇಸ್ಟನ್ನು ಕಡಲೆಕಾಳಿನಷ್ಟು ತೆಗೆದುಕೊಂಡು, ಸ್ವಲ್ಪ ಸ್ವಲ್ಪ ಜಾಗಕ್ಕೆ ಹಚ್ಚಿ, ಒತ್ತಡ ಹಾಕದೆ ಉಜ್ಜೋದು. ಬಟ್ಟೆ ಮಡಿಕೆ ಬದಲಾಯಿಸಿ ಒರೆಸೋದು. ಮತ್ತೆ ಹಚ್ಚೋದು. ನಮ್ಮನೆಯವರು, ನಾನು, ಪಾಳಿ ಪ್ರಕಾರ. ಟಾಪಿನ ಮೇಲಿನ ಸೊನೆಯ ನೆರಳುಗಳಿಗೂ ಅದೇ ಔಷಧ. ಮಾತಿಲ್ಲದ ಕೆಲಸ ಅದು. ಕೈ ಸುತ್ತುತ್ತಾ ಇದ್ದರೆ ಮನಸ್ಸು ಜಪಕ್ಕೆ ಕೂತ ಹಾಗೆ ಒಂದು ಕಡೆ ನಿಲ್ಲುತ್ತೆ. ಅಷ್ಟು ಹೊತ್ತು ನಾವಿಬ್ಬರೂ ಎಚ್ಚರವಾಗಿ ಪಕ್ಕಪಕ್ಕ ಇದ್ದದ್ದು ಯಾವಾಗ ಅಂತ ಯೋಚಿಸಿದೆ. ನೆನಪಾಗಲಿಲ್ಲ. ಅವರು ಮನೆಗೆ ಬಂದಾಗ ನಾನು ಏಳೋಳು, ನಾನು ಮಲಗೋ ಹೊತ್ತಿಗೆ ಅವರು ಹೊರಡೋರು.

ಅತ್ತೆ ಜಗಲಿಯಿಂದಲೇ ನೋಡುತ್ತಿದ್ದರು. ಸಂಜೆಯ ಕಡೆಗೆ ನಾನೇ ಕರೆದೆ. "ಬನ್ನಿ ಅತ್ತೆ, ನೀವೂ ಒಂದು ಕೈ ಹಾಕಿ."

"ನಾನು ಮುಟ್ಟಲ್ಲಮ್ಮ."

"ನನ್ನ ಕೈ ಸೋತಿದೆ."

ಬಂದರು. ಫ್ಲಾನಲ್ಲು ಕೈಗೆ ಕೊಟ್ಟು, "ಹಿತ್ತಾಳೆ ಹಂಗಲ್ಲ ಅತ್ತೆ. ಕೂಸಿನ ಕಣ್ಣು ಒರೆಸ್ತೀವಲ್ಲ, ಹಂಗೆ," ಅಂದೆ. ಅವರ ಕೈ ತಡವರಿಸಿತು, ಎಷ್ಟು ಹಗುರ ಅಂದರೆ ಬಣ್ಣಕ್ಕೆ ತಾಗುತ್ತಲೇ ಇರಲಿಲ್ಲ. "ಅಷ್ಟು ಬೇಡ," ಅಂತ ನಾನು ಅವರ ಕೈಯ ಮೇಲೆ ನನ್ನ ಕೈ ಇಟ್ಟು ಸುತ್ತಿಸಿದೆ. ಸೊಸೆಯಾಗಿ ಬಂದ ಹೊಸತರಲ್ಲಿ ಮುದ್ದೆ ತಿರುವೋದನ್ನು ಅವರು ನನಗೆ ಹೀಗೇ ಕಲಿಸಿದ್ದರು, ಕೋಲು ಹಿಡಿದ ನನ್ನ ಕೈಯ ಮೇಲೆ ಅವರ ಕೈ ಇಟ್ಟು.

ಕೊನೆಗೆ ವ್ಯಾಕ್ಸು. ಕಾರಿಗೆಲ್ಲ ತೆಳ್ಳಗೆ ಹಚ್ಚಿ, ಮಂಜು ಕಟ್ಟಿದ ಹಾಗೆ ಒಣಗಿದ ಮೇಲೆ ಒರೆಸಿದರೆ, ಒಳಗಿನಿಂದ ಹೊಳಪು ಬರುತ್ತೆ. ಮೇಲೆ ನೀರು ಬಿದ್ದರೆ ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿ ಹೋಗುತ್ತೆ. "ಇದು ಎಷ್ಟು ದಿನ ಇರ್ತದೆ?" ಅಂತ ಅತ್ತೆ ಕೇಳಿದರು. ಮಳೆ ಬಿಸಿಲು ನೋಡಿಕೊಂಡು ಕೆಲವು ತಿಂಗಳು, ಆಮೇಲೆ ಮತ್ತೆ ಹಾಕಬೇಕು ಅಂದರು ಇವರು.

"ಅಂಗಾದ್ರೆ ಇದೂ ನನ್ನ ಬೊಟ್ಟಿನ ಹಂಗೇನೆ," ಅಂದರು ಅತ್ತೆ. ಯಾವ ರಕ್ಷೆಯನ್ನು ಒಂದು ಸಲ ಹಾಕಿ ಮರೆಯೋಕಾಗುತ್ತೆ?

ಮುಳುಗೋ ಬಿಸಿಲು ಓರೆಯಾಗಿ ಬಿದ್ದಾಗ ನೋಡಿದೆವು. ಮಂಕು ಪೂರ್ತಿ ಹೋಗಿರಲಿಲ್ಲ. ಕನ್ನಡಿಗೆ ಯಾರೋ ಉಸಿರು ಊದಿದ ಹಾಗೆ ಒಂದು ತೆಳು ನೆರಳು. ಹುಡುಕುವವರಿಗೆ ಸಿಗುತ್ತೆ.

ಆ ರಾತ್ರಿ ಅವರು ಓಟಕ್ಕೆ ಹೋಗಲಿಲ್ಲ. ಬೆಳಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಟರು. ಕಾರಿನ ಹತ್ತಿರ ಹೋದರೆ ಅಲ್ಲಿ ಅತ್ತೆ ಆಗಲೇ ನಿಂತಿದ್ದರು, ಕೈಯಲ್ಲಿ ಹರಳೆಣ್ಣೆ ಕುಂಕುಮದ ಬಟ್ಟಲು. ನಾನು ಅಡ್ಡ ಹೋದೆ.

"ಅತ್ತೆ..."

"ಬಾಯ್ಮುಚ್ಚು. ನಂಗೂ ಗೊತ್ತು," ಅಂದರು. ಮಗನ ಕಡೆ ತಿರುಗಿ, "ನಾಯ್ನಾ, ಇದರ ಮುಚ್ಚಳ ಎತ್ತು," ಅಂದರು.

ಅವರಿಗೆ ತಕ್ಷಣ ಅರ್ಥ ಆಗಲಿಲ್ಲ. ಆದಾಗ ನಕ್ಕು, ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿದರು. ಅತ್ತೆ ಒಳಗೆ ತಲೆ ಬಗ್ಗಿಸಿ, ಮೇಲಿನ ಮಂಕಿಗೆ ಸರಿಯಾಗಿ ಕೆಳಗಡೆ, ತಗಡಿನ ಒಳಮೈಗೆ ಒಂದು ಬೊಟ್ಟು ಇಟ್ಟರು. ಬೆರಳಲ್ಲಿ ಉಳಿದದ್ದನ್ನು ಮಗನ ಹಣೆಗೆ ಹಚ್ಚಿದರು. "ಅಮ್ಮನವರಿಗೆ ಒಳಗೂ ಕಣ್ಣು ಕಾಣ್ತದೆ," ಅಂದರು.

ಕಾರು ಹೋದ ಮೇಲೆ ಮನೆಯೊಳಗೆ ಕಾಲು ನಿಲ್ಲಲಿಲ್ಲ. ಅರ್ಧಕ್ಕೆ ಬಿಟ್ಟಿದ್ದ ದೀಪ ಬೆಳಗಿದೆ. ಪೂಜೆ ಮಾಡಿದೆ. ತಾಯಿಯನ್ನು ಈ ಕೆಲಸ ಕೊಡು ಅಂತ ಕೇಳಲು ನಾಲಿಗೆ ಬರಲಿಲ್ಲ. ಎಷ್ಟೋ ಕೇಳದೇ ಕೊಟ್ಟಿದ್ದಾಳೆ. ಹೊಲ ಇದ್ದ ಕಡೆಯೇ ಕಾರು ಇಳಿಸಿದವಳು. "ನೋಡ್ಕೋ," ಅಂದೆ ಅಷ್ಟೇ. ಆಮೇಲೆ ಕಾರು ಒರೆಸಿದ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸಿದೆ. ಮನೆ ಬಟ್ಟೆ ಜೊತೆ ಹಾಕಿದರೆ ಎಲ್ಲಿಂದಲೋ ಒಂದು ಮರಳಿನ ಕಾಳು ಸೇರಿಕೊಳ್ಳುತ್ತೆ. ಅತ್ತೆ ಜಗಲಿ ಬಿಟ್ಟು ಏಳಲಿಲ್ಲ. ಆಪಾ ಎರಡು ಸಲ ಬಂದು "ಫೋನು ಬಂತಾ ಅಕ್ಕಾ?" ಅಂತ ಕೇಳಿ ಹೋದರು.

ಬಟ್ಟೆ ಹಿಂಡುತ್ತಿದ್ದಾಗ ನನ್ನ ಫೋನಿಗೆ ಅವರ ಕರೆ ಬಂತು. ಸ್ಪೀಕರ್ ಹಾಕಿ ಜಗಲಿಗೆ ತಂದೆ.

"ನೋಡಿದ್ರು ಕಣೇ," ಅಂದರು ಇವರು. "ಸುತ್ತಾ ಮೂರು ಸಲ ತಿರುಗಿದ್ರು. ಬಾನೆಟ್ ಮೇಲೆ ಬೆರಳು ಇಟ್ಟೇಬಿಟ್ರು. ಇದೇನು ಅಂದ್ರು."

"ನೀವೇನಂದ್ರಿ?"

"ಇದ್ದದ್ದೇ ಹೇಳ್ದೆ. ನಮ್ಮಮ್ಮ ದೇವರ ದೀಪ ತಿಕ್ಕೋ ಹಂಗೆ ಹುಣಸೆಹಣ್ಣು ಹಾಕಿ ತಿಕ್ಕಿದ್ರು ಸಾರ್ ಅಂತ."

ಅತ್ತೆ ಸೆರಗು ಬಾಯಿಗೆ ಇಟ್ಟುಕೊಂಡರು.

"ಅವರು ನಗಲಿಲ್ಲ. ಇಂಜಿನ್ ನೋಡ್ಬೇಕು, ಎತ್ತಿ ಅಂದ್ರು. ಎತ್ತಿದ್ರೆ ಎದುರಿಗೇ ಅಮ್ಮನ ಬೊಟ್ಟು, ಹಸಿಹಸಿ. ಸುಮಾರು ಹೊತ್ತು ನೋಡಿದ್ರು. ನನ್ನ ಹಣೆ ನೋಡಿದ್ರು. ಆಮೇಲೆ ತಾವೇ ಬಾನೆಟ್ ಇಳಿಸಿದ್ರು. ಮಿಕ್ಕ ಗಾಡಿಗಳದ್ದೆಲ್ಲ ದಡ್ ಅಂತ ಬಿಟ್ಟಿದ್ರು, ಇದನ್ನ ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿದ್ರು."

"ಸರಿ, ಏನಾಯ್ತು ಹೇಳೋ!" ಅತ್ತೆ ಫೋನಿಗೆ ಕೂಗಿದರು.

"ಮೂರು ತಿಂಗಳು ನೋಡ್ತಾರಂತಮ್ಮ. ಅಷ್ಟರೊಳಗೆ ಬಾನೆಟ್ ಮಿಷನ್ ಪಾಲಿಶ್ ಮಾಡಿಸ್ಬೇಕಂತೆ. ಸೋಮವಾರದಿಂದ ಬಾ ಅಂದಿದಾರೆ. ಬೆಳಗ್ಗೆ ಹೋಗಿ ಸಂಜೆ ಬರೋದು."

ಮೂರು ತಿಂಗಳು ಅಂದರೆ ಮುಂದೇನೋ ಗೊತ್ತಿಲ್ಲ. ಆದರೆ ಅಷ್ಟು ರಾತ್ರಿಗಳು ಅವರು ಹಾಸಿಗೆಯಲ್ಲಿರುತ್ತಾರೆ. ಎರಡೂ ಸಾಕ್ಸು ಬಿಚ್ಚಿ. ನನಗೆ ಅಷ್ಟು ಸಾಕು, ಅಷ್ಟನ್ನು ಮೊದಲು ತೆಗೆದುಕೊಳ್ಳೋಣ ಅಂದುಕೊಂಡೆ.

ಅತ್ತೆ ಎದುರುಮನೆ ಕಡೆ ತಿರುಗಿ, "ಏಮ್ಮಾ, ಸಿಕ್ತು!" ಅಂತ ಕೂಗಿದರು. ಹೊಲಿಗೆ ಮಿಷನ್ನು ಟಕ್ಕನೆ ನಿಂತಿತು. ಆಪಾ ಬಾಗಿಲಿಗೆ ಬಂದು ಎರಡೂ ಕೈ ಮೇಲಕ್ಕೆತ್ತಿದರು.

ನಾನು ಫ್ಲಾನಲ್ ತುಂಡುಗಳನ್ನು ಒದರಿ ತಂತಿಗೆ ಹಾಕಿ ಒಳಗೆ ಹೊರಟೆ.

"ಎಲ್ಲಿಗೆ ಹೋಗ್ತೀಯ?" ಅತ್ತೆ ಕೇಳಿದರು.

"ಎಸರಿಡೋಕೆ."

"ಅವನದೂ ಸೇರಿಸು. ಮಧ್ಯಾಹ್ನಕ್ಕೆ ಬರ್ತಾನೆ, ನಮ್ಮ ಜೊತೇಲೇ ಉಣ್ಣಲಿ."

ದೊಡ್ಡ ಪಾತ್ರೆ ಇಳಿಸಿ, ನೀರು ಹಾಕಿ ಒಲೆ ಹಚ್ಚಿದೆ. ಅದು ಕಾಯೋವರೆಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಕೂತೆ.